14 ತಿಂಗಳ ಬರ್ಬನ್: ಎಳೆಯದೋ, ಕೆಟ್ಟದ್ದೋ? ಹೇಗೆ ಗೊತ್ತಾಗುತ್ತೆ?

ಬೆಣ್ಣೆದೋಸೆ_ಕೊಲಂಬಸ್
ಎಲ್ಲರಿಗೂ ನಮಸ್ಕಾರ, ಒಹಾಯೊದಿಂದ. ಹೋದ ತಿಂಗಳು ಭಾವಮೈದುನ ಬಂದಿದ್ದ. ಇಬ್ಬರೂ ಸೇರಿ ಹತ್ತಿರದ ಊರಿನ ಒಂದು ಸಣ್ಣ ಡಿಸ್ಟಿಲರಿ ನೋಡಲು ಹೋದೆವು. ಹೆಸರು ಬೇಡ. ಹಳೇ ಗ್ಯಾರೇಜು, ಫಳಫಳ ಹೊಳೆಯುವ ತಾಮ್ರದ ಹಂಡೆ, ಗಡ್ಡ ಬಿಟ್ಟ ಇಬ್ಬರು ಹುಡುಗರು. ಅವರ ಉತ್ಸಾಹ ನೋಡಿ ಕರಗಿಹೋಗಿ 58 ಡಾಲರ್ ಕೊಟ್ಟು ಅವರ ಬರ್ಬನ್ (ಅಮೆರಿಕದ ಒಂದು ಬಗೆಯ ವಿಸ್ಕಿ) ಬಾಟಲಿ ತಂದೆ.

ಮನೆಯಲ್ಲಿ ಬಿರಡೆ ತೆಗೆದರೆ ಮೊದಲು ನೇಲ್ ಪಾಲಿಷ್ ರಿಮೂವರ್. ಅದರ ಹಿಂದೆ ಹಸಿ ಹಿಟ್ಟು. ಬಾಯಿಗೆ ಹಾಕಿದರೆ ಮರ, ಬರೀ ಮರ. ನನ್ನ ಹೆಂಡತಿ ದೂರದಿಂದಲೇ ಮೂಸಿ "ಯಾರ್ ರೀ ಇಲ್ಲಿ ಕಿಟಕಿ ಚೌಕಟ್ಟು ಹೆರೀತಿರೋದು?" ಅಂದಳು. ಬಣ್ಣ ಮಾತ್ರ ಚೆಂದ, ಕಡು ತಾಮ್ರ.

ಲೇಬಲ್ ಮೇಲೆ ಇಷ್ಟಿದೆ: 94 ಪ್ರೂಫ್ (ಅಂದರೆ ಅದರ ಅರ್ಧ, ಶೇ 47 ಮದ್ಯ), ವಯಸ್ಸು 14 ತಿಂಗಳು, 15 ಗ್ಯಾಲನ್ ಬ್ಯಾರಲ್ (ಪೀಪಾಯಿ), ಶೇ 60 ಜೋಳ, ಶೇ 30 ರೈ (ಗೋಧಿಯಂಥ ಒಂದು ಕಾಳು), ಶೇ 10 ಮೊಳಕೆ ಬಾರ್ಲಿ.

ನನ್ನ ಪ್ರಶ್ನೆ: ಇದು ಇನ್ನೂ ಎಳೆಯದು ಅಂತ ಹೀಗಿದೆಯಾ, ಅಥವಾ ಮಾಡಿದ್ದೇ ಸರಿ ಇಲ್ವಾ? ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ದಾವಣಗೆರೆಯಿಂದ ಮಾವನವರು ಎರಡು ವಾರದಲ್ಲಿ ಬರುತ್ತಾರೆ. ಸಂಜೆ ಎರಡು ಪೆಗ್ ಹಾಕುವವರು. ಅವರ ಮುಂದೆ ಇದನ್ನು ಇಡಬಹುದಾ?

ಸುಮ್ನೆಬಂದೆ
ಬರ್ಬನ್ ಅಂದ್ರೆ ಕ್ರೀಮ್ ಬಿಸ್ಕೆಟ್ ಅಂದ್ಕೊಂಡು ಒಳಗೆ ಬಂದೆ. ಕ್ಷಮಿಸಿ.

ಸಿನ್ಸಿನಾಟಿ_ಗೌಡ
ಬೆಣ್ಣೆದೋಸೆಯವರೇ, ಕೆಂಟಕಿಯಲ್ಲಿ ಮಾಡದೇ ಇದ್ದರೆ ಅದು ಬರ್ಬನ್ನೇ ಅಲ್ಲ. ನದಿ ದಾಟಿ ಬನ್ನಿ, 20 ಡಾಲರ್ ಆಸುಪಾಸಿಗೆ ಒಳ್ಳೆಯದು ಸಿಗುತ್ತೆ.

ಓಕ್‌ಮರ
ಗೌಡ್ರೇ, ಇದು ಹಳೇ ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ಎಲ್ಲಿ ಮಾಡಿದರೂ ಬರ್ಬನ್ ಆಗುತ್ತೆ. 1964ರಲ್ಲಿ ಅಲ್ಲಿನ ಕಾಂಗ್ರೆಸ್ ಮಾಡಿದ ನಿರ್ಣಯದಲ್ಲೂ ಅಮೆರಿಕದ ವಿಶಿಷ್ಟ ಉತ್ಪನ್ನ ಅಂತಲೇ ಇದೆ, ಕೆಂಟಕಿಯದು ಅಂತಲ್ಲ.

ನಿಯಮ ಇಷ್ಟೇ. ಕಾಳಿನಲ್ಲಿ ಕನಿಷ್ಠ ಶೇ 51 ಜೋಳ. ಭಟ್ಟಿ ಇಳಿಸುವಾಗ 160 ಪ್ರೂಫ್ ದಾಟಬಾರದು. ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಗೆ 125 ಪ್ರೂಫ್‌ಗಿಂತ ಜಾಸ್ತಿ ಇಲ್ಲದೆ ತುಂಬಬೇಕು. ಬಾಟಲಿಗೆ 80ಕ್ಕಿಂತ ಕಡಿಮೆ ಇರಬಾರದು. ಬಣ್ಣ, ಫ್ಲೇವರ್ ಬೆರೆಸುವ ಹಾಗಿಲ್ಲ. ಗಮನಿಸಿ, ವಯಸ್ಸಿನ ಮಾತೇ ಇಲ್ಲ. ಮೂರು ತಿಂಗಳು ಇಟ್ಟರೂ ಬರ್ಬನ್. ಲೇಬಲ್ ಮೇಲೆ 'ಸ್ಟ್ರೇಟ್' ಅಂತ ಹಾಕಬೇಕಾದರೆ ಮಾತ್ರ ಕನಿಷ್ಠ 2 ವರ್ಷ. 4 ವರ್ಷ ತುಂಬದೇ ಇದ್ದರೆ ವಯಸ್ಸನ್ನು ಲೇಬಲ್ ಮೇಲೆ ಹೇಳಲೇಬೇಕು. ಈ ಹುಡುಗರು ಪ್ರಾಮಾಣಿಕವಾಗಿ ಹೇಳಿದ್ದಾರೆ, ಅದಕ್ಕೆ ಒಂದು ಅಂಕ ಕೊಡಿ.

ಸಿನ್ಸಿನಾಟಿ_ಗೌಡ
ಸರಿ ಸರಿ, ಒಪ್ಪಿದೆ. ಆದರೆ ನದಿ ದಾಟಿ ಬನ್ನಿ ಅನ್ನೋ ಮಾತು ವಾಪಸ್ ತಗೊಳ್ಳಲ್ಲ.

ರೊಟ್ಟಿಚಟ್ನಿ
ಒಂದ್ನಿಮಿಷ. ಯಾವ ಜೋಳ? ನಮ್ಮ ವಿಜಯಪುರದಲ್ಲಿ ಜೋಳ ಅಂದರೆ ರೊಟ್ಟಿ ಬಡಿಯುವ ಬಿಳಿಜೋಳ. ಅದರಲ್ಲಿ ವಿಸ್ಕಿ ಮಾಡುತ್ತಾರೆ ಅಂದರೆ ನಮ್ಮಜ್ಜಿ ಎದ್ದು ಬರುತ್ತಾಳೆ.

ಓಕ್‌ಮರ
ಮೆಕ್ಕೆಜೋಳ. ನಿಮ್ಮ ಕಡೆ ಗೋವಿನಜೋಳ, ಮೈಸೂರು ಕಡೆ ಮುಸುಕಿನ ಜೋಳ. ಬಿಳಿಜೋಳದ ಜಾತಿಯಿಂದಲೂ ಇಲ್ಲಿ ಕೆಲವು ಸಣ್ಣವರು ವಿಸ್ಕಿ ಮಾಡುತ್ತಾರೆ, ಆದರೆ ಅದನ್ನು ಬರ್ಬನ್ ಅನ್ನುವ ಹಾಗಿಲ್ಲ. ಅಜ್ಜಿಗೆ ಹೇಳಬೇಡಿ.

ಭಟ್ಟಿಭಟ್
ನಾನು ಒಂದು ವರ್ಷ ವಾರಾಂತ್ಯದಲ್ಲಿ ಇಂಥದೇ ಒಂದು ಸಣ್ಣ ಕಡೆ ಬಾಟಲಿ ತುಂಬಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಸಂಬಳ ಇಲ್ಲ, ಊಟ ಮತ್ತು ಒಂದು ಬಾಟಲಿ. ಅಲ್ಲಿ ನೋಡಿದ್ದನ್ನು ಹೇಳುತ್ತೇನೆ.

ದೊಡ್ಡ ಕಂಪನಿಗಳು ಬಳಸುವುದು 53 ಗ್ಯಾಲನ್ ಪೀಪಾಯಿ, ಸುಮಾರು 200 ಲೀಟರ್. ನಿಮ್ಮದು 15 ಗ್ಯಾಲನ್, ಅಂದರೆ 57 ಲೀಟರ್. ಪೀಪಾಯಿ ಚಿಕ್ಕದಾದಷ್ಟೂ ಒಂದೊಂದು ಲೀಟರಿಗೆ ತಗಲುವ ಮರ ಜಾಸ್ತಿ. ಇಲ್ಲಿ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಪಟ್ಟು. ಹಾಗಾಗಿ ಬಣ್ಣ ಬೇಗ ಬರುತ್ತೆ, ವೆನಿಲ್ಲಾ ಬೇಗ ಬರುತ್ತೆ, ಅದರ ಜೊತೆಗೇ ಒಗರೂ ಬೇಗ ಬರುತ್ತೆ. ಆದರೆ ಮರದಿಂದ ಇಳಿಯುವುದು ಒಂದು ಕೆಲಸ, ಒಳಗಿನದು ಮಾಗುವುದು ಇನ್ನೊಂದು. ಪೀಪಾಯಿ ಸಂದಿಯಿಂದ ಗಾಳಿ ಆಡಬೇಕು, ಸ್ವಲ್ಪ ಆವಿಯಾಗಬೇಕು, ಹುಳಿ ಮತ್ತು ಮದ್ಯ ಕೂಡಿ ಹಣ್ಣಿನ ವಾಸನೆ ಹುಟ್ಟಬೇಕು. ಅದಕ್ಕೆ ವರ್ಷಗಳೇ ಬೇಕು.

ಕಾರ್ಬೈಡ್ ಹಾಕಿದ ಮಾವಿನಹಣ್ಣು ನೆನಪಿಸಿಕೊಳ್ಳಿ. ಸಿಪ್ಪೆ ಹಳದಿ, ಓಟೆ ಹತ್ತಿರ ಹುಳಿ. ನಿಮ್ಮ ಬಾಟಲಿಯ ಬಣ್ಣ ನೋಡಿ ಮರುಳಾಗಬೇಡಿ.

ಯಾಕೆ ಹೀಗೆ ಮಾಡುತ್ತಾರೆ ಅಂದರೆ ಸಾಲ. ಹಂಡೆಗೆ ಸಾಲ, ಕಟ್ಟಡಕ್ಕೆ ಬಾಡಿಗೆ, ವಿಸ್ಕಿ ಮಾತ್ರ ನಾಲ್ಕು ವರ್ಷ ಮಲಗಿರುತ್ತೆ ಅಂದರೆ ಹೊಟ್ಟೆಗೇನು? ಅದಕ್ಕೇ ಮೊದಲು ಜಿನ್, ವೋಡ್ಕಾ ಮಾರುತ್ತಾರೆ, ಆಮೇಲೆ ಸಣ್ಣ ಪೀಪಾಯಿಯ ಬರ್ಬನ್.

ಇಂದಿರಾನಗರ_ಪೆಗ್
ವಯಸ್ಸು ವಯಸ್ಸು ಅಂತ ಯಾಕೆ ಬಡ್ಕೊಳ್ತೀರಾ? ನಮ್ಮ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಬೆಂಗಳೂರಿನಲ್ಲಿ ಮಲಗೋದು 4-5 ವರ್ಷ ಅಷ್ಟೇ. 2004ರಲ್ಲಿ ಗ್ಲಾಸ್ಗೋದಲ್ಲೇ ಹೋಗಿ ಬಿಡುಗಡೆ ಮಾಡಿದರು. ಸ್ಕಾಟ್‌ಲೆಂಡಿನವರಿಗೆ ವಿಸ್ಕಿ ಕುಡಿಸಿದ ಊರು ನಮ್ಮದು. ಯಾರೂ ಎಳೆಯದು ಅನ್ನಲಿಲ್ಲವಲ್ಲ?

ಭಟ್ಟಿಭಟ್
ಅಲ್ಲೇ ಇರೋದು ವಿಷಯ. ಬೆಂಗಳೂರಿನ ಹವೆಗೆ ವರ್ಷಕ್ಕೆ ಶೇ 10-12 ಆವಿಯಾಗಿ ಹೋಗುತ್ತೆ, ದೇವತೆಗಳ ಪಾಲು ಅಂತಾರಲ್ಲ ಅದು. ಸ್ಕಾಟ್‌ಲೆಂಡಿನಲ್ಲಿ ಶೇ 2. ನಮ್ಮ ದೇವತೆಗಳಿಗೆ ದಾಹ ಜಾಸ್ತಿ. ಜೊತೆಗೆ ಅಮೃತ್‌ನವರು ಬಳಸುವ ಪೀಪಾಯಿಗಳಲ್ಲಿ ಬಹಳಷ್ಟು ಈಗಾಗಲೇ ಬರ್ಬನ್ ಮಲಗಿ ಎದ್ದು ಹೋದವು. ಬರ್ಬನ್‌ಗೆ ಹೊಸ ಪೀಪಾಯಿಯೇ ಬೇಕು ಅನ್ನುವ ನಿಯಮ ಇರುವುದರಿಂದ ಹಳೆಯವು ಸ್ಕಾಟ್‌ಲೆಂಡಿಗೆ, ಬೆಂಗಳೂರಿಗೆ, ಗೋವಾಕ್ಕೆ ಹಡಗು ಹತ್ತುತ್ತವೆ. ಮೊದಲ ಸಲದ ಚಹಾ ಅಮೆರಿಕಕ್ಕೆ, ಎರಡನೇ ಸಲದ್ದು ನಮಗೆ. ಹೊಸ ಓಕ್‌ನ ರಭಸ ಆಗಲೇ ಇಳಿದಿರುತ್ತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಇಂದಿರಾನಗರ_ಪೆಗ್
ಎರಡನೇ ಸಲದ ಚಹಾನಾ! ಸ್ವಲ್ಪ ಮರ್ಯಾದೆ ಕೊಡಿ ಸ್ವಾಮಿ.

ಕೆಮಿಸ್ಟ್ರಿ_ಮಿಸ್
ಮೂಲ ಪ್ರಶ್ನೆಗೆ ಬರೋಣ್ವಾ? ನೇಲ್ ಪಾಲಿಷ್ ರಿಮೂವರ್ ವಾಸನೆ ಈಥೈಲ್ ಅಸಿಟೇಟ್ ಅನ್ನುವ ರಾಸಾಯನಿಕದ್ದು. ಭಟ್ಟಿಯಲ್ಲಿ ಮೊದಲು ಬರುವ ಭಾಗ ಹೆಡ್ಸ್, ನಡುವಿನದು ಹಾರ್ಟ್ಸ್, ಕೊನೆಯದು ಟೇಲ್ಸ್. ಹೆಡ್ಸ್‌ನಲ್ಲಿ ಇದು ಜಾಸ್ತಿ ಇರುತ್ತೆ. ಅದು ಮುಗಿಯುವ ಮುಂಚೆಯೇ ಕತ್ತರಿಸಿದರೆ, ಅಂದರೆ ಬೇಗ ಹಾರ್ಟ್ಸ್ ಹಿಡಿಯಲು ಶುರು ಮಾಡಿದರೆ, ಬಾಟಲಿವರೆಗೂ ಬರುತ್ತೆ. 'ಇನ್ನೂ ಎರಡು ವರ್ಷ ಇಟ್ಟಿದ್ದರೆ ಹೋಗ್ತಿತ್ತು' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪೀಪಾಯಿಯಲ್ಲಿ ಇಟ್ಟಷ್ಟೂ ಈಥೈಲ್ ಅಸಿಟೇಟ್ ಹೆಚ್ಚುತ್ತಲೇ ಹೋಗುತ್ತೆ, ಕಡಿಮೆ ಆಗುವುದಿಲ್ಲ. ಹಳೆಯದರಲ್ಲಿ ಬೇರೆ ವಾಸನೆಗಳು ಅದನ್ನು ಮುಚ್ಚುತ್ತವೆ ಅಷ್ಟೇ.

ಬೇಯಿಸಿದ ಮೆಕ್ಕೆಜೋಳ, ಎಲೆಕೋಸಿನ ಥರದ ವಾಸನೆ ಬಂದರೆ ಅದು ಗಂಧಕದ ಸಂಯುಕ್ತ. ಅದನ್ನು ಪೀಪಾಯಿ ಒಳಗಿನ ಇದ್ದಿಲು ಹೀರಿಕೊಳ್ಳುತ್ತೆ, ಸಮಯ ಕೊಟ್ಟರೆ. ಅದು ಎಳೆತನ. ಒದ್ದೆ ಗೋಣಿಚೀಲ, ನೆನೆದ ರಟ್ಟು ಬಂದರೆ ಟೇಲ್ಸ್ ಜಾಸ್ತಿ ಸೇರಿಸಿದ್ದಾರೆ ಅಂತ. ಅದು ಮಾಡಿದವರ ಆಸೆ. ನಾನಾದರೆ ಇಲ್ಲಿ ಗೆರೆ ಎಳೆಯುತ್ತೇನೆ: ಕಾಳಿನ ವಾಸನೆ ಕ್ಷಮಿಸಬಹುದು, ಕತ್ತರಿ ತಪ್ಪಿದ್ದು ಕ್ಷಮಿಸಬಾರದು.

ಬೆಣ್ಣೆದೋಸೆ_ಕೊಲಂಬಸ್
ಮಿಸ್, ನನಗೆ ಎರಡೂ ಬರ್ತಾ ಇದೆಯಲ್ಲ! ರಿಮೂವರ್ರೂ, ಹಿಟ್ಟೂ.

ಕೆಮಿಸ್ಟ್ರಿ_ಮಿಸ್
ಯಾವ ಲೋಟದಲ್ಲಿ ಕುಡಿದಿರಿ? ಬಾಟಲಿ ತೆಗೆದು ಎಷ್ಟು ಹೊತ್ತಿಗೆ?

ಬೆಣ್ಣೆದೋಸೆ_ಕೊಲಂಬಸ್
ಸ್ಟೀಲ್ ಲೋಟ. ತೆಗೆದ ತಕ್ಷಣ. 😐

ಓಕ್‌ಮರ
ಶಿವನೇ.

ಕೆಮಿಸ್ಟ್ರಿ_ಮಿಸ್
ಬಾಯಿ ಕಿರಿದಾದ ಗಾಜಿನ ಲೋಟ ತಗೊಳ್ಳಿ. ಗ್ಲೆನ್‌ಕೇರ್ನ್ (ವಿಸ್ಕಿಗೆಂದೇ ಮಾಡಿದ ಲೋಟ) ಇದ್ದರೆ ಸರಿ, ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು. 30 ಮಿಲಿ ಹಾಕಿ 20 ನಿಮಿಷ ಮುಟ್ಟಬೇಡಿ. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಮೂಗನ್ನು ಒಳಗೆ ತೂರಿಸಬೇಡಿ, ಅಂಚಿನ ಹತ್ತಿರ ಸಾಕು. ಮೊದಲ ಗುಟುಕು ನಾಲಿಗೆಗೆ ಪರಿಚಯಕ್ಕೆ. ಅದರ ಮೇಲೆ ತೀರ್ಪು ಕೊಡಬೇಡಿ, ಎರಡನೆಯದರಿಂದ ಶುರು ಮಾಡಿ.

ಆಮೇಲೆ ನೀರು. ಮೊದಲು ಎರಡು ಹನಿ. ಇನ್ನೊಂದು ಲೋಟದಲ್ಲಿ ಧಾರಾಳವಾಗಿ, ಒಂದಕ್ಕೆ ಒಂದೂಕಾಲು ನೀರು ಹಾಕಿ ಶೇ 20ರ ಹತ್ತಿರಕ್ಕೆ ಇಳಿಸಿ, ಬರೀ ಮೂಸಿ. ಸ್ಕಾಚ್ ವಿಸ್ಕಿಗಳನ್ನು ಬೆರೆಸುವ ಪರಿಣತರು ತಪ್ಪು ಹುಡುಕುವುದು ಹೀಗೆ. ಮದ್ಯದ ಉರಿಯ ಹಿಂದೆ ಏನೂ ಅಡಗಿ ಕೂರುವುದಿಲ್ಲ.

ಮಲ್ನಾಡ್_ಮಳೆ
ಅಂಗೈ ಪರೀಕ್ಷೆ ಬಿಟ್ಟಿರಿ ಮಿಸ್. ನಾಲ್ಕು ಹನಿ ಅಂಗೈಗೆ ಹಾಕಿ ಎರಡೂ ಕೈ ಉಜ್ಜಿ. ಮದ್ಯ ಹಾರಿಹೋಗುತ್ತೆ. ಆಮೇಲೆ ಕೈ ಬೊಗಸೆ ಮಾಡಿ ಮೂಸಿದರೆ ಕಾಳು, ಮರ ಮಾತ್ರ ಉಳಿದಿರುತ್ತೆ. ಇನ್ನೊಂದು, ಖಾಲಿ ಲೋಟ ತೊಳೆಯದೆ ರಾತ್ರಿ ಬಿಟ್ಟು ಬೆಳಿಗ್ಗೆ ಮೂಸಿ. ಒಳ್ಳೆಯದಾದರೆ ವೆನಿಲ್ಲಾ, ಬೆಲ್ಲದ ಪಾಕ. ಎಳೆಯದಾದರೆ ಪೆನ್ಸಿಲ್ ಕೆತ್ತಿದ ಸಿಪ್ಪೆ. ಮನೆಯಲ್ಲಿ ಬೈಗುಳವೂ ಸಿಗುತ್ತೆ, ಅದು ಬೇರೆ.

ಹೆಪ್ಪು_ಹಾಲು
ಲೇಬಲ್ ಮೇಲೆ 'ಸೌರ್ ಮ್ಯಾಶ್' ಅಂತ ಇದೆಯಾ? ನಾವು ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಹಳೇ ಹುಳಿ ಗಂಜಿ ಸ್ವಲ್ಪ ಉಳಿಸಿ ಹೊಸದಕ್ಕೆ ಹಾಕುವುದು. ಅದಿದ್ದರೆ ರುಚಿ ಒಂದೇ ಸಮ ಬರುತ್ತೆ.

ಭಟ್ಟಿಭಟ್
ಎಲ್ಲರೂ ಹೀಗೇ ಹೇಳುತ್ತಾರೆ, ಆದರೆ ಹೆಪ್ಪು ಅಲ್ಲ. ಹಾಕುವುದು ಭಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿದ ಗಸಿ. ಕುದಿದು ಬಂದದ್ದು, ಅದರಲ್ಲಿ ಯೀಸ್ಟ್ ಸತ್ತಿರುತ್ತೆ. ಅದು ಕೊಡುವುದು ಹುಳಿ ಮಾತ್ರ. ಹುಳಿ ಇದ್ದರೆ ಬೇಡದ ಬ್ಯಾಕ್ಟೀರಿಯಾ ತಲೆ ಎತ್ತುವುದಿಲ್ಲ, ಹೊಸದಾಗಿ ಹಾಕಿದ ಯೀಸ್ಟ್ ಆರಾಮಾಗಿ ಕೆಲಸ ಮಾಡುತ್ತೆ. ನಿಮ್ಮ ಹೋಲಿಕೆ ಚೆನ್ನಾಗಿದೆ, ತಪ್ಪು ಅಷ್ಟೇ.

ಹೆಪ್ಪು_ಹಾಲು
ಹೆಸರೇ ಬದಲಾಯಿಸಬೇಕೇನೋ ಈಗ.

ಸಿನ್ಸಿನಾಟಿ_ಗೌಡ
ಇಷ್ಟೆಲ್ಲಾ ಪರೀಕ್ಷೆ ಯಾಕೆ? 58 ಡಾಲರ್! ಅದೇ ದುಡ್ಡಿಗೆ ಇವಾನ್ ವಿಲಿಯಮ್ಸ್ ಅನ್ನುವ ಕೆಂಟಕಿ ಬರ್ಬನ್ನಿನ ಬಾಟಲ್ಡ್-ಇನ್-ಬಾಂಡ್ ಎರಡು ಬಂದು ಚಿಲ್ಲರೆ ಉಳಿಯುತ್ತೆ. ಬಾಟಲ್ಡ್-ಇನ್-ಬಾಂಡ್ ಅಂದರೆ 100 ಪ್ರೂಫ್, ಕನಿಷ್ಠ 4 ವರ್ಷ, ಒಂದೇ ಡಿಸ್ಟಿಲರಿ, ಒಂದೇ ಹಂಗಾಮು. 1897ರ ಕಾನೂನು. ಆ ಕಾಲದಲ್ಲಿ ತಂಬಾಕಿನ ರಸ ಬೆರೆಸಿ ವಿಸ್ಕಿ ಅಂತ ಮಾರುತ್ತಿದ್ದರು, ಅದಕ್ಕೆ ತಂದದ್ದು. ಸಣ್ಣವರು ಅನ್ನುವ ಕನಿಕರಕ್ಕೆ ನಾನು ಕುಡಿಯಬೇಕಾ?

ಎಳೆನೀರು
ಗೌಡ್ರೇ, ಎಲ್ಲರೂ ನಿಮ್ಮ ಹಾಗೆ ಅಂದರೆ ಹೊಸಬರು ನಾಲ್ಕು ವರ್ಷ ದಾಟುವುದು ಹೇಗೆ? ಮೊದಲನೇ ಬಾಟಲಿ ಕೊಳ್ಳುವವರು ಯಾರೋ ಇರಬೇಕಲ್ಲ. ನಾನು ಪ್ರತಿ ವರ್ಷ ಒಂದೇ ಸಣ್ಣ ಡಿಸ್ಟಿಲರಿಯ ಒಂದು ಬಾಟಲಿ ತಗೊಳ್ಳುತ್ತೇನೆ. ಮೊದಲ ವರ್ಷದ್ದು ಬೇಯಿಸದ ಉಪ್ಪಿಟ್ಟು. ಮೂರನೇ ವರ್ಷದ್ದು ಮನೆಗೆ ಬಂದವರು ಹೆಸರು ಕೇಳಿ ಬರೆದುಕೊಂಡು ಹೋದರು. ಎಳೆಯದನ್ನು ಎಳೆಯದು ಅಂತಲೇ ಕುಡಿಯಬೇಕು. ಎಳನೀರು ಕುಡಿದು ಕೊಬ್ಬರಿ ಎಲ್ಲಿ ಅಂತ ಕೇಳಿದರೆ?

ಸಿನ್ಸಿನಾಟಿ_ಗೌಡ
ಎಳನೀರಿಗೆ ಕೊಬ್ಬರಿ ರೇಟ್ ಹಾಕಿದರೆ ಕೇಳ್ತೀನಪ್ಪಾ.

ಮಲ್ನಾಡ್_ಮಳೆ
😂 ಗೌಡ್ರಿಗೆ ಒಂದು ಅಂಕ.

ಓಕ್‌ಮರ
ಇನ್ನೊಂದು ಕಡೆಯೂ ನೋಡಿ. ಕ್ರಾಫ್ಟ್ (ಸಣ್ಣ ಪ್ರಮಾಣದಲ್ಲಿ ಸ್ವಂತ ತಯಾರಿ) ಅಂತ ಬೋರ್ಡು ಹಾಕಿ 6 ವರ್ಷದ ಬರ್ಬನ್ ಮಾರುವ ಒಂದು ವರ್ಷದ ಅಂಗಡಿಯೂ ಇರುತ್ತೆ. ಅಂಗಡಿಗಿಂತ ವಿಸ್ಕಿಗೆ ವಯಸ್ಸು ಜಾಸ್ತಿ! ಬಾಟಲಿ ಹಿಂದೆ ಸಣ್ಣಕ್ಷರದಲ್ಲಿ 'ಡಿಸ್ಟಿಲ್ಡ್ ಇನ್ ಇಂಡಿಯಾನಾ' ಇರುತ್ತೆ. ಅಲ್ಲಿನ ಲಾರೆನ್ಸ್‌ಬರ್ಗ್‌ನ ಎಂಜಿಪಿ ಅನ್ನುವ ದೊಡ್ಡ ಕಾರ್ಖಾನೆಯಿಂದ ಕೊಂಡು ತಂದದ್ದು ಆಗಿರಬಹುದು. ಕೊಂಡು ಮಾರುವುದು ತಪ್ಪಲ್ಲ, ರುಚಿಯೂ ಚೆನ್ನಾಗಿರುತ್ತೆ, ಆದರೆ ಅಜ್ಜನ ಗುಪ್ತ ರೆಸಿಪಿ ಅಂತ ಕಥೆ ಕಟ್ಟಿದರೆ ಸಿಟ್ಟು ಬರುತ್ತೆ. ಬೆಣ್ಣೆದೋಸೆಯವರ ಹುಡುಗರು ತಾವೇ ಭಟ್ಟಿ ಇಳಿಸಿ, ತಾವೇ ತಪ್ಪು ಮಾಡಿದ್ದಾರೆ.

ಇಂದಿರಾನಗರ_ಪೆಗ್
ನೀವು ಅಲ್ಲಿ 58 ಡಾಲರಿಗೆ ಅಳುತ್ತಿದ್ದೀರಿ. ಇಲ್ಲಿ ಬರ್ಬನ್ ಮೇಲಿನ ಆಮದು ಸುಂಕ 2025ರ ಫೆಬ್ರವರಿಯಲ್ಲಿ ಶೇ 150ರಿಂದ 100ಕ್ಕೆ ಇಳಿಯಿತು. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ. ಸಾಮಾನ್ಯ ಬಾಟಲಿ ಕೊಳ್ಳುವಾಗಲೂ ಕೈ ನಡುಗುತ್ತೆ. ಭಾವಮೈದುನನ ಕೈಯಲ್ಲಿ ಒಂದು ಕಳಿಸಿ, ನಾನೇ ಪರೀಕ್ಷೆ ಮಾಡಿ ಹೇಳುತ್ತೇನೆ.

ಹಳೇಪೇಟೆ
2007ರಲ್ಲಿ ಸಾರಾಯಿ ನಿಲ್ಲಿಸುವ ಮುಂಚೆ ನಮ್ಮೂರಲ್ಲಿ ಪ್ಯಾಕೆಟ್ ಕಚ್ಚಿ ಕುಡಿಯುತ್ತಿದ್ದರು. 20 ನಿಮಿಷ ಯಾರೂ ಕಾಯುತ್ತಿರಲಿಲ್ಲ.

ನಿರ್ವಾಹಕ
ಬಾಟಲಿ ಕಳಿಸುವ, ತರಿಸುವ ಮಾತು ಇಲ್ಲಿ ಬೇಡ. ಬರ್ಬನ್ ಬಿಸ್ಕೆಟ್ ಬಗ್ಗೆ ಬಂದ ಎಂಟು ಪ್ರತಿಕ್ರಿಯೆಗಳನ್ನು ತಿಂಡಿ ವಿಭಾಗಕ್ಕೆ ಸಾಗಿಸಿದ್ದೇನೆ.

ಬೆಣ್ಣೆದೋಸೆ_ಕೊಲಂಬಸ್
ಮೂರು ವಾರ ಆಯ್ತು, ವರದಿ ಒಪ್ಪಿಸುತ್ತೇನೆ. ಮಾವನವರು ಬಂದರು. ಅವರು ಹರಿಹರದ ಹತ್ತಿರ ಮೂವತ್ತು ವರ್ಷದಿಂದ ಮೆಕ್ಕೆಜೋಳ ಬೆಳೆಯುವವರು, ಇದನ್ನು ಮೊದಲೇ ಹೇಳಬೇಕಿತ್ತು.

ಮೂರು ಗಾಜಿನ ಲೋಟ, ಅಡಿಯಲ್ಲಿ ಚೀಟಿ. ಒಂದರಲ್ಲಿ ನಮ್ಮ ಗ್ಯಾರೇಜ್ ಬಾಟಲಿ, ಒಂದರಲ್ಲಿ ಗೌಡ್ರು ಹೇಳಿದ ಇವಾನ್ ವಿಲಿಯಮ್ಸ್, ಇನ್ನೊಂದರಲ್ಲಿ ವೈಲ್ಡ್ ಟರ್ಕಿ 101. ಹಾಕಿದ್ದು ಹೆಂಡತಿ, ನನಗೂ ಯಾವುದು ಯಾವುದು ಗೊತ್ತಿರಲಿಲ್ಲ. 20 ನಿಮಿಷ ಕಾಯಲು ಹೇಳಿದಾಗ ಮಾವನವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ.

ಎರಡನೇ ಲೋಟ ಮೂಸಿದವರೇ ಕೆಳಗಿಟ್ಟರು. "ಇದು ಸರಿಯಾಗಿ ಒಣಗಿಲ್ಲದ ಕಾಳು" ಅಂದರು. ಮತ್ತೆ ಎತ್ತಿಕೊಂಡರು. "ಮಳೆಗೆ ಸಿಕ್ಕಿ, ಕಣದಲ್ಲಿ ಟಾರ್ಪಾಲು ಹೊದಿಸಿದ ರಾಶಿಗೆ ಬೆಳಿಗ್ಗೆ ಕೈ ಹಾಕಿದರೆ ಬಿಸಿ ಬಿಸಿ ವಾಸನೆ ಬರುತ್ತಲ್ಲ, ಅದು." ಗುಟುಕು ಹಾಕಿ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು "ಕೊನೆಗೆ ಎಳೆ ಅಡಿಕೆ ಚೊಗರು" ಅಂದರು. ಚೀಟಿ ತೆಗೆದರೆ ಅದೇ, ಗ್ಯಾರೇಜ್ ಬಾಟಲಿ.

ಮಿಸ್, ರಿಮೂವರ್ ವಾಸನೆ 20 ನಿಮಿಷದಲ್ಲಿ ಮುಕ್ಕಾಲು ಭಾಗ ಹೋಗಿತ್ತು. ಬಾಟಲಿ ತೆಗೆದು ಮೂರು ವಾರ ಆದದ್ದೂ ಕಾರಣ ಇರಬಹುದು. ಧಾರಾಳ ನೀರು ಹಾಕಿದ ಲೋಟದಲ್ಲಿ ಮಾತ್ರ ಸಣ್ಣದಾಗಿ ಇತ್ತು. ಗೋಣಿಚೀಲ ಇಲ್ಲವೇ ಇಲ್ಲ. ಎರಡು ಹನಿ ನೀರಿಗೆ ಹುರಿದ ಮೆಕ್ಕೆಜೋಳ, ಸ್ವಲ್ಪ ಕರಿಮೆಣಸು ಬಂತು, ಅದು ರೈ ಇರಬೇಕು. ಆದರೆ ಆ ಚೊಗರು ನೀರಿಗೂ ಬಗ್ಗಲಿಲ್ಲ. ಅಂಗೈ ಪರೀಕ್ಷೆಯಲ್ಲಿ ಬಂದದ್ದು ಬಡಗಿ ಅಂಗಡಿ. ಹೆಂಡತಿ ಗೆದ್ದಳು.

ಕೆಮಿಸ್ಟ್ರಿ_ಮಿಸ್
ಹಾಗಾದರೆ ಕತ್ತರಿ ಸ್ವಲ್ಪ ಬೇಗ ಆಗಿದೆ, ತೀರಾ ಕೆಟ್ಟಿಲ್ಲ. ಭಟ್ಟಿ ಇಳಿಸುವ ಕೈ ಪರವಾಗಿಲ್ಲ, ಪೀಪಾಯಿಯ ಆಯ್ಕೆ ತಪ್ಪು. ಇದೇ ಸರಕನ್ನು 53 ಗ್ಯಾಲನ್ ಪೀಪಾಯಿಯಲ್ಲಿ ನಾಲ್ಕು ವರ್ಷ ಇಟ್ಟಿದ್ದರೆ ನಾನು ದುಡ್ಡು ಕೊಡುತ್ತಿದ್ದೆ. ಮಾವನವರ ಮೂಗಿಗೆ ನನ್ನ ನಮಸ್ಕಾರ ತಿಳಿಸಿ.

ಸಿನ್ಸಿನಾಟಿ_ಗೌಡ
ಮಾವನವರು ಯಾವುದಕ್ಕೆ ಮೊದಲ ಸ್ಥಾನ ಕೊಟ್ಟರು? ಅದನ್ನು ಹೇಳಲೇ ಇಲ್ಲ!

ಬೆಣ್ಣೆದೋಸೆ_ಕೊಲಂಬಸ್
ವೈಲ್ಡ್ ಟರ್ಕಿ. ನಿಮ್ಮದು ಎರಡನೆಯದು, ಗೌಡ್ರೇ. ಆದರೆ ಮಾರನೇ ದಿನ ಸಂಜೆ ಅವರೇ ಹೋಗಿ ಗ್ಯಾರೇಜ್ ಬಾಟಲಿ ತಂದು ಸುರಿದುಕೊಂಡರು. ಯಾಕೆ ಮಾವ ಅಂದರೆ "ಊರ ವಾಸನೆ ಇದರಲ್ಲೇ ಬರೋದು" ಅಂದರು. ಈಗ ಆ ಹುಡುಗರನ್ನು ನೋಡಬೇಕಂತೆ. ಕಾಳು ಎಷ್ಟು ತೇವ ಇರುವಾಗ ಕೊಳ್ಳುತ್ತಾರೆ, ಕ್ವಿಂಟಾಲಿಗೆ ಎಷ್ಟು ಕೊಡುತ್ತಾರೆ ಅಂತ ಕೇಳಬೇಕಂತೆ. ಶನಿವಾರ ಹೋಗುತ್ತಿದ್ದೇವೆ.

ರೊಟ್ಟಿಚಟ್ನಿ
ಬಿಳಿಜೋಳ ಕೊಳ್ಳುತ್ತಾರಾ, ಅದನ್ನೂ ಒಂದು ಮಾತು ಕೇಳಿ.